ಜರ್ಕ್ ಹೊಡೆಯೋ ಹಳೇ ಕಾರಿಗೆ ಪಾಯಿಂಟ್ ಸೆಟ್ಟಾ, ಕಾರ್ಬೊರೇಟರ್ ಸರ್ವೀಸಾ, ವ್ಯಾಕ್ಯೂಮ್ ಗೇಜಾ?

ಪಾಯಿಂಟ್ ಸೆಟ್ (ಪ್ಲಗ್ಗಿಗೆ ಕಿಡಿ ಬರಿಸೋ ಸ್ವಿಚ್) ಇರೋ ಹಳೇ ಕಾರ್ಬೊರೇಟರ್ (ಪೆಟ್ರೋಲ್-ಗಾಳಿ ಬೆರೆಸೋ ಸಾಧನ) ಗಾಡಿ ಇಟ್ಕೊಂಡೋರಿಗೆ ಈ ಕಾಟ ಗೊತ್ತಿರುತ್ತೆ, ಆಕ್ಸಿಲರೇಟರ್ ಒತ್ತಿದ ತಕ್ಷಣ ಗಾಡಿ ಒಂದು ಕ್ಷಣ ಸತ್ತಂಗಾಗಿ ಆಮೇಲೆ ಎಳೆಯುತ್ತೆ, ನಡುನಡುವೆ ಬಾನೆಟ್ ಒಳಗೆ ಪಟ್ ಅಂತ ಹೊಡೆಯುತ್ತೆ. ದಾವಣಗೆರೆಲಿ ನಮ್ಮ ಗಾಡಿಗೆ ಇದು ಶುರುವಾದಾಗ ಮೂರೂ ದಾರಿ ಹಿಡಿದು ನೋಡಿದೀನಿ, ನನ್ನ ಓಟು ಗೇಜಿಗೇ.

ಮೊದಲು ಇಗ್ನಿಷನ್ ಸಾಮಾನು. ಪ್ಲಗ್, ವೈರ್, ಪಾಯಿಂಟ್, ಕಂಡೆನ್ಸರ್, ರೋಟರ್ ಎಲ್ಲಾ ಹೊಸದು ಹಾಕಿದೆ. ಮನೆ ಮುಂದೇನೇ ಆಗೋ ಕೆಲಸ, ಬೆಳಿಗ್ಗೆ ಸ್ಟಾರ್ಟಿಂಗ್ ಚುರುಕಾಯ್ತು, ಜರ್ಕ್ ಮಾತ್ರ ಹಂಗೇ ಉಳೀತು. ವೈರ್ ಹಾಕುವಾಗ ಹುಷಾರು, ಅಂಬಾಸಿಡರ್ ಥರದ ನಾಲ್ಕು ಸಿಲಿಂಡರ್ ಗಾಡಿಲಿ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬರೋ ಸರದಿ) 1-3-4-2, ಎರಡು ವೈರ್ ಅದಲುಬದಲಾದ್ರೂ ಬ್ಯಾಕ್‌ಫೈರ್ ಬರುತ್ತೆ. ಬಿಚ್ಚಿದ ಹಳೇ ಪ್ಲಗ್ ಮಾತ್ರ ಎಸೀಬೇಡಿ. ತುದಿ ತಿಳಿ ಕಂದು ಇದ್ರೆ ಸರಿ, ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ರೆ ಗಾಳಿ ಜಾಸ್ತಿ. ನಮ್ಮವು ಬೆಳ್ಳಗಿದ್ವು.

ಆಮೇಲೆ ಕಾರ್ಬೊರೇಟರ್ ಸರ್ವೀಸ್. ಮೆಕ್ಯಾನಿಕ್ ಜೆಟ್ ಊದಿ ಫ್ಲೋಟ್ ನೋಡಿ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಬದಲಾಯಿಸಿದ್ರು. (ಆ ಪಂಪ್ ಸರಿ ಐತಾ ಅಂತ ದುಡ್ಡಿಲ್ಲದೇ ನೋಡಬಹುದು, ಇಂಜಿನ್ ಆಫ್ ಮಾಡಿ ಏರ್ ಫಿಲ್ಟರ್ ತೆಗೆದು ಥ್ರಾಟಲ್ ಎಳೆದ್ರೆ ಒಳಗೆ ಪೆಟ್ರೋಲ್ ಪಿಚಕಾರಿ ಥರ ಚಿಮ್ಮಬೇಕು.) ಐಡಲಿಂಗ್ ನಯವಾಯ್ತು, ಯಾಕಂದ್ರೆ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಜಾಸ್ತಿ ಬಿಟ್ಟಿದ್ರು. ಆದ್ರೆ ಮೈಲೇಜ್ ಬಿತ್ತು, ಕಾಲು ತೆಗೆದಾಗ ಸೈಲೆನ್ಸರಲ್ಲೂ ಪಟಪಟ ಶುರುವಾಯ್ತು. ಇದನ್ನ ಗಮನಿಸಿ: ಕಾರ್ಬೊರೇಟರ್ ಬಾಯಲ್ಲಿ ಹೊಡೆದ್ರೆ ಹೆಚ್ಚಾಗಿ ಮಿಕ್ಸ್ಚರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಇಲ್ಲಾ ಟೈಮಿಂಗ್ (ಕಿಡಿ ಬರೋ ಹೊತ್ತು) ತಪ್ಪು, ಸೈಲೆನ್ಸರಲ್ಲಿ ಹೊಡೆದ್ರೆ ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗ್ತಿದೆ, ಅಥವಾ ಎಕ್ಸಾಸ್ಟ್ ಜಾಯಿಂಟಲ್ಲಿ ಗಾಳಿ ಸೇರ್ತಿದೆ ಅಂತ.

ಇಂಜಿನ್ ಗಾಳಿ ಎಳೆಯೋ ಜೋರು ಅಳೆಯೋ ವ್ಯಾಕ್ಯೂಮ್ ಗೇಜ್ ಮತ್ತೆ ಕಿಡಿ ಬರೋ ಹೊತ್ತು ತೋರಿಸೋ ಟೈಮಿಂಗ್ ಲೈಟ್ ಯಾವ ಪಾರ್ಟನ್ನೂ ರಿಪೇರಿ ಮಾಡಲ್ಲ, ಅದಕ್ಕೇ ಜನ ತಗೊಳ್ಳಲ್ಲ. ಮ್ಯಾನಿಫೋಲ್ಡಿಗೆ (ಕಾರ್ಬೊರೇಟರಿಂದ ಸಿಲಿಂಡರಿಗೆ ಮಿಕ್ಸ್ಚರ್ ಒಯ್ಯೋ ಭಾಗ) ಹೋಗೋ ಪೈಪಿಗೆ ಗೇಜ್ ಸಿಕ್ಕಿಸಿ, ಬಿಸಿಯಾದ ಇಂಜಿನ್ ಐಡಲಲ್ಲಿ ಬಿಟ್ರೆ ಸಮುದ್ರಮಟ್ಟದಲ್ಲಿ ಮುಳ್ಳು 17ರಿಂದ 21 ಇಂಚಿನಲ್ಲಿ (ಪಾದರಸದ ಲೆಕ್ಕ) ಅಲ್ಲಾಡದೆ ನಿಲ್ಲಬೇಕು, ಪ್ರತಿ 1000 ಅಡಿ ಎತ್ತರಕ್ಕೆ ಒಂದು ಇಂಚು ಕಮ್ಮಿ, ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿರೋದ್ರಿಂದ ನಮಗೆ 15 ಬಂದ್ರೂ ಗಾಬರಿ ಬೇಡ. ನಮ್ಮದು ಅದಕ್ಕಿಂತಲೂ ಕೆಳಗೆ ಸುಮ್ನೆ ನಿಂತಿತ್ತು. ಹಿಂಗೆ ನಿಂತ್ರೆ ಹೆಚ್ಚಾಗಿ ಟೈಮಿಂಗ್ ಲೇಟು ಇಲ್ಲಾ ಗಾಳಿ ಲೀಕು. ವ್ಯಾಕ್ಯೂಮ್ ಅಡ್ವಾನ್ಸ್ (ಎಳೆತ ನೋಡಿ ಕಿಡಿ ಬೇಗ ಬರಿಸೋದು) ಪೈಪ್ ಕಿತ್ತು ಮುಚ್ಚಿ ಲೈಟ್ ಹಿಡಿದ್ರೆ ಟೈಮಿಂಗ್ ಗುರುತಿಗೆ ಸರಿ ಇತ್ತು, ಅಲ್ಲಿಗೆ ಅನುಮಾನ ಲೀಕ್ ಮೇಲೇ ಬಂತು. ಕಾರ್ಬೊರೇಟರ್ ಕೆಳಗಿನ ಗ್ಯಾಸ್ಕೆಟ್ ಹತ್ರ ಕಾರ್ಬೊರೇಟರ್ ಕ್ಲೀನರ್ ಸ್ವಲ್ಪವೇ ಸ್ಪ್ರೇ ಮಾಡ್ತಿದ್ದಂಗೆ ಇಂಜಿನ್ ಆರ್‌ಪಿಎಂ ಏರ್ತು, ಅಂದ್ರೆ ಲೀಕ್ ಅಲ್ಲೇ. ಬಿಸಿ ಎಕ್ಸಾಸ್ಟ್ ಮೇಲೆ ಬೀಳದಂಗೆ ನೋಡ್ಕೊಳ್ರಿ, ಬೆಂಕಿ ಹತ್ತುತ್ತೆ. ಗ್ಯಾಸ್ಕೆಟ್ ಹಾಕಿ ಮಿಕ್ಸ್ಚರ್ ಸ್ಕ್ರೂ ಹಿಂದಕ್ಕೆ ತಂದ ಮೇಲೆ ಎರಡೂ ಕಡೆ ಹೊಡೆತ ನಿಂತ್ವು.

ಓಡಿಸುವಾಗ್ಲೇ ಒಂದು ಸುಳಿವಿತ್ತು, ಪಿ.ಬಿ. ರೋಡಿನ ಟ್ರಾಫಿಕ್ಕಲ್ಲಿ ಜರ್ಕು, ಚಿತ್ರದುರ್ಗದ ಹೈವೇಲಿ ಜೋರಾಗಿ ಒತ್ತಿದ್ರೆ ಸಲೀಸು. ಥ್ರಾಟಲ್ ಪೂರ್ತಿ ತೆಗೆದಾಗ ಮ್ಯಾನಿಫೋಲ್ಡಿನ ಎಳೆತ ಕಮ್ಮಿ, ಹಂಗಾಗಿ ಲೀಕ್ ಕಾಟ ಗೊತ್ತಾಗಲ್ಲ. ನಿಮ್ಮದು ಇದಕ್ಕೆ ಉಲ್ಟಾ ಇದ್ರೆ, ಅಂದ್ರೆ ಐಡಲ್ ಚೆನ್ನಾಗಿದ್ದು ಏರುದಾರೀಲಿ ಲೋಡ್ ಬಿದ್ದಾಗ ಮಿಸ್ ಹೊಡೆದ್ರೆ, ಮೊದಲು ಪೆಟ್ರೋಲ್ ಫಿಲ್ಟರ್, ಪಂಪ್, ಕಾಯಿಲ್ ನೋಡಿ, ಆಗ ಇಗ್ನಿಷನ್ ಸಾಮಾನಿಗೆ ಹಾಕೋ ದುಡ್ಡು ದಂಡ ಅಲ್ಲ. ಗೇಜ್ ಮುಳ್ಳು ತಾಳ ಹಾಕಿದಂಗೆ ಒಂದೇ ಅಂತರದಲ್ಲಿ ಕೆಳಗೆ ಬೀಳ್ತಿದ್ರೆ ವಾಲ್ವ್ ಮೇಲೆ ಅನುಮಾನ, ಕಾರ್ಬೊರೇಟರ್ ಮುಟ್ಟೋ ಮೊದಲು ಕಂಪ್ರೆಷನ್ ಟೆಸ್ಟ್ ಮಾಡ್ಸಿ.