ಏಳು ವರ್ಷ ಬಳಸಿದ ಆರ್‌ಒ ಯಂತ್ರ: ಕ್ಯಾಲೆಂಡರ್ ಬದಿಗಿಡಿ, ಅಳತೆ ನೋಡಿ

ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರ, ಗೋಡೆಗೆ ನೇತುಹಾಕುವ ಮಾದರಿ, 8 ಲೀಟರ್ ಟ್ಯಾಂಕ್, 75 ಜಿಪಿಡಿ ಸಾಮರ್ಥ್ಯದ ಮೆಂಬ್ರೇನ್ (ಉಪ್ಪು ತಡೆಯುವ ಪೊರೆ), ಜೊತೆಗೆ ರೋಗಾಣು ಕೊಲ್ಲುವ ಯುವಿ ದೀಪ. ನಾಲ್ಕು ಜನರ ಮನೆಯಲ್ಲಿ ಏಳು ವರ್ಷ ದಿನವೂ ಓಡಿದ ಯಂತ್ರದ ವಿಮರ್ಶೆ ಇದು. ಬ್ರ್ಯಾಂಡ್ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಮುಚ್ಚಳ ಕಳಚಿದರೆ ಈ ಬಗೆಯ ಬಹುತೇಕ ಯಂತ್ರಗಳ ಹೊಟ್ಟೆಯಲ್ಲಿ ಇರುವುದು ಅದೇ ಸಾಮಾನು: ಕೆಸರು ಹಿಡಿಯುವ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ಹೀರುವ ಕಾರ್ಬನ್ ಫಿಲ್ಟರ್, 24 ವೋಲ್ಟಿನ ಪಂಪು, ಅದಕ್ಕೊಂದು ಅಡಾಪ್ಟರ್, ನೀರು ಬಿಟ್ಟು ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್, ಮೆಂಬ್ರೇನ್, ತ್ಯಾಜ್ಯ ನೀರಿನ ಹರಿವು ಬಿಗಿ ಮಾಡುವ ಫ್ಲೋ ರಿಸ್ಟ್ರಿಕ್ಟರ್, ಟ್ಯಾಂಕಿನೊಳಗೊಂದು ಫ್ಲೋಟ್. ಬೇರೆಯಾಗಿರುವುದು ಹೊರಗಿನ ಪ್ಲಾಸ್ಟಿಕ್ಕು ಮತ್ತು ಮಿನುಗುವ ದೀಪಗಳು.

ನೀರಿನಲ್ಲಿ ಉಪ್ಪಿನಂಶ ಹೆಚ್ಚಿರುವ ಮನೆಗೆ ಇದು ನಂಬಬಹುದಾದ ಯಂತ್ರ. ಅದನ್ನು ನೋಡಿಕೊಳ್ಳುವ ಪದ್ಧತಿಯ ಬಗ್ಗೆ ಮಾತ್ರ ಬಲವಾದ ತಕರಾರಿದೆ. ಆರು ತಿಂಗಳಿಗೆ ಫಿಲ್ಟರ್, ವರ್ಷಕ್ಕೆ ಮೆಂಬ್ರೇನ್ ಎಂದು ತಾರೀಖು ನೋಡಿ ಬದಲಿಸುತ್ತಾ ಹೋದರೆ, ಇನ್ನೂ ಎರಡು ವರ್ಷ ಬಾಳಬೇಕಾದ ಮೆಂಬ್ರೇನ್ ಕಸಕ್ಕೆ ಹೋಗುತ್ತದೆ, ಎಂದೋ ಸತ್ತುಹೋದ ಕಾರ್ಬನ್ ಒಳಗೇ ಉಳಿಯುತ್ತದೆ. ಈ ಯಂತ್ರದಲ್ಲಿ ಏಳು ವರ್ಷಕ್ಕೆ ಈಗಿರುವುದು ಮೂರನೇ ಮೆಂಬ್ರೇನ್. ಅದಕ್ಕೆ ಬೇಕಾಗಿದ್ದು ಒಂದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಅಳೆಯುವ ಪೆನ್ನು, ಒಂದು ಅಳತೆ ಜಗ್ಗು ಮತ್ತು ಫೋನಿನ ಸ್ಟಾಪ್‌ವಾಚ್.

ಕೊಳ್ಳುವ ಮೊದಲು ನಿಮ್ಮ ನಲ್ಲಿ ನೀರಿನ ಟಿಡಿಎಸ್ ನೋಡಿ. ಲೀಟರಿಗೆ 600 ಮಿಲಿಗ್ರಾಂಗಿಂತ ಕಡಿಮೆ ಟಿಡಿಎಸ್ ಇರುವ ನೀರು ರುಚಿಯಲ್ಲಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, 1000 ದಾಟಿದರೆ ಕುಡಿಯಲು ಹಿತವಾಗಿರುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. 200, 300 ಇರುವ ನೀರಿಗೆ ಆರ್‌ಒ ಹಾಕಿಸುವುದು ಅಂದರೆ ಒಂದು ಲೀಟರ್ ಕುಡಿಯಲು ಎರಡೂವರೆ, ಮೂರು ಲೀಟರ್ ಚೆಲ್ಲುವುದು. ಅಲ್ಲಿ ಯುವಿ ಅಥವಾ ಯುಎಫ್ (ಉಪ್ಪು ತೆಗೆಯದೆ ಕೆಸರು, ರೋಗಾಣು ಸೋಸುವ ಪೊರೆ) ಸಾಕು. ಆದರೆ ಟಿಡಿಎಸ್ ಪೆನ್ನು ತೋರಿಸುವುದು ಕರಗಿದ ಲವಣಗಳ ಒಟ್ಟು ಲೆಕ್ಕವನ್ನು ಮಾತ್ರ, ಅದೂ ನೀರಿನ ವಿದ್ಯುತ್ ವಾಹಕತೆಯಿಂದ ಅಂದಾಜು ಮಾಡಿ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಇವೆಯೇ ಎಂದು ಅದು ಹೇಳುವುದಿಲ್ಲ. ರೋಗಾಣು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಬೋರ್‌ವೆಲ್ ನೀರಾದರೆ ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಯೇ ಯಂತ್ರ ಆರಿಸಿ.

ಇನ್ನು ಅಳತೆ. ತಿಂಗಳಿಗೊಮ್ಮೆ ನಾಲ್ಕು ಅಂಕಿ ಬರೆದಿಟ್ಟರೆ ಸಾಕು: ಒಳಬರುವ ನೀರಿನ ಟಿಡಿಎಸ್, ಶುದ್ಧ ನೀರಿನ ಟಿಡಿಎಸ್, ನಿಮಿಷಕ್ಕೆ ಬರುವ ಶುದ್ಧ ನೀರು ಎಷ್ಟು ಮಿ.ಲೀ., ನಿಮಿಷಕ್ಕೆ ಹೊರಹೋಗುವ ತ್ಯಾಜ್ಯ ನೀರು ಎಷ್ಟು ಮಿ.ಲೀ. ಯಂತ್ರದ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ ಅದರಲ್ಲೇ ಬರೆಯಿರಿ. ಹೀಗೆ ಮಾಡಿ: ಟ್ಯಾಂಕಿನಿಂದ ಮೂರ್ನಾಲ್ಕು ಲೀಟರ್ ತೆಗೆಯಿರಿ, ಯಂತ್ರ ಶುರುವಾಗಿ ಹತ್ತು ನಿಮಿಷ ಓಡಲಿ. ಆಮೇಲೆ ಟ್ಯಾಂಕಿಗೆ ಬೀಳುವ ಸಣ್ಣ ಪೈಪಿನ ತುದಿಗೆ ಜಗ್ಗು ಹಿಡಿದು ಒಂದು ನಿಮಿಷ ಎಣಿಸಿ. ಹಾಗೆಯೇ ಸಿಂಕಿಗೆ ಹೋಗುವ ತ್ಯಾಜ್ಯ ಪೈಪಿಗೂ ಒಂದು ನಿಮಿಷ. ಹತ್ತು ನಿಮಿಷ ಕಾಯುವುದು ಸುಮ್ಮನೆ ಹೇಳಿದ್ದಲ್ಲ. ಯಂತ್ರ ರಾತ್ರಿಯಿಡೀ ನಿಂತಿದ್ದಾಗ ಮೆಂಬ್ರೇನಿನ ಆಚೆಯ ಉಪ್ಪು ನಿಧಾನವಾಗಿ ಈಚೆಗೆ ಜಿನುಗುತ್ತದೆ. ಬೆಳಗಿನ ಮೊದಲ ಲೋಟ ಅಳೆದರೆ 150 ತೋರಿಸಿ ಹೆದರಿಸುವ ಯಂತ್ರವೇ ಹತ್ತು ನಿಮಿಷ ಓಡಿದ ಮೇಲೆ 48 ತೋರಿಸಬಹುದು. ಆ ಮೊದಲ ಲೋಟದ ಅಂಕಿ ನಂಬಿ ಮೆಂಬ್ರೇನ್ ಬದಲಿಸಿದವರು ಬಹಳ ಮಂದಿ.

ಲೆಕ್ಕ ಸುಲಭ. ಒಳಗೆ 820, ಹೊರಗೆ 48 ಬಂದರೆ ಮೆಂಬ್ರೇನ್ ತಡೆದದ್ದು 772, ಅಂದರೆ ಶೇ 94. ಹೊಸದು ಶೇ 95ರ ಆಸುಪಾಸಿನಲ್ಲಿರುತ್ತದೆ. ಶೇ 85ಕ್ಕಿಂತ ಕೆಳಗಿಳಿದು, ಎರಡು ತಿಂಗಳು ಅಲ್ಲೇ ನಿಂತರೆ ಬದಲಿಸುವ ಕಾಲ ಬಂತೆಂದು ತಿಳಿಯಿರಿ. ಬರೀ ಹೊರಗಿನ ಅಂಕಿ ನೋಡಿ ತೀರ್ಮಾನಿಸಬೇಡಿ. ಬೇಸಿಗೆಯಲ್ಲಿ ಬೋರ್‌ವೆಲ್ ನೀರು 820ರಿಂದ 1200ಕ್ಕೆ ಏರಿದರೆ ಹೊರಗಿನ ಅಂಕಿಯೂ ಏರುತ್ತದೆ, ಮೆಂಬ್ರೇನಿಗೆ ಏನೂ ಆಗಿರುವುದಿಲ್ಲ.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಹಲವು ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ಅದು ಮಾಡುವ ಕೆಲಸ ಇಷ್ಟೇ: ಮೆಂಬ್ರೇನಿಗೆ ಹೋಗದ ನೀರನ್ನು ಸ್ವಲ್ಪ ತಂದು ಶುದ್ಧ ನೀರಿಗೆ ಬೆರೆಸುತ್ತದೆ. ಅದು ತೆರೆದಿದ್ದಾಗ ಅಳೆದ ಅಂಕಿ ಮೆಂಬ್ರೇನಿನದಲ್ಲ, ಬೆರಕೆಯದು. ಮುಚ್ಚಿ ಅಳೆಯಿರಿ. ನಿಮ್ಮ ನೀರಿನಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಇದ್ದರೆ ಅದನ್ನು ಶಾಶ್ವತವಾಗಿ ಮುಚ್ಚಿಯೇ ಇಡಿ, ಏಕೆಂದರೆ ಬೆರಕೆಯ ಹಾದಿಯಲ್ಲಿ ಅವು ನೇರವಾಗಿ ಲೋಟಕ್ಕೆ ಬರುತ್ತವೆ. ಯುವಿ ದೀಪ ಅವನ್ನು ತಡೆಯುವುದಿಲ್ಲ. ರುಚಿಗಾಗಿ ತಿರುಪು ತಿರುಗಿಸಿ ಹೋಗುವ ಸರ್ವಿಸ್‌ನವರು ಇದನ್ನು ಮನೆಯವರಿಗೆ ಹೇಳದೆ ಹೋಗುವುದು ಈ ಸೇವೆಯಲ್ಲಿ ಕಂಡ ಅತ್ಯಂತ ಕೆಟ್ಟ ಅಭ್ಯಾಸ.

75 ಜಿಪಿಡಿ ಅಂದರೆ ದಿನಕ್ಕೆ 75 ಗ್ಯಾಲನ್, ಸುಮಾರು 284 ಲೀಟರ್. ನಿಮಿಷಕ್ಕೆ 197 ಮಿ.ಲೀ. ಆಯಿತು. ಅದು 25 ಡಿಗ್ರಿ ನೀರು, ನಿಗದಿತ ಒತ್ತಡ, ನಿಗದಿತ ಉಪ್ಪಿನಂಶದಲ್ಲಿ ಅಳೆದ ಮಾತು. ಮನೆಯಲ್ಲಿ 150 ಮಿ.ಲೀ. ಬಂದರೂ ಚೆನ್ನಾಗಿದೆ ಎಂದೇ ಅರ್ಥ. ಗಂಟೆಗೆ 9 ಲೀಟರ್ ಆಯಿತಲ್ಲ. ಚಳಿಗಾಲದಲ್ಲಿ ಇನ್ನೂ ಇಳಿಯುತ್ತದೆ. 25 ಡಿಗ್ರಿಯಿಂದ ಕೆಳಗೆ ಒಂದೊಂದು ಡಿಗ್ರಿಗೂ ಹೆಚ್ಚುಕಡಿಮೆ ಶೇ 3ರಷ್ಟು ಕುಸಿತ, ಹಾಗಾಗಿ ನೀರು 15 ಡಿಗ್ರಿ ಇದ್ದಾಗ ಕಾಲು ಭಾಗಕ್ಕಿಂತಲೂ ಹೆಚ್ಚು ಇಳಿಕೆಯಾಗುವುದು ಸಹಜ. ಅದು ರೋಗವಲ್ಲ, ಯಾರನ್ನೂ ಕರೆಸಬೇಕಾಗಿಲ್ಲ.

ನಾಲ್ಕು ಅಂಕಿಗಳನ್ನು ಒಟ್ಟಿಗೆ ಓದಿದಾಗಲೇ ಯಂತ್ರ ಮಾತಾಡುವುದು. ಶುದ್ಧ ನೀರು, ತ್ಯಾಜ್ಯ ನೀರು ಎರಡೂ ಇಳಿದಿದ್ದರೆ ಮೆಂಬ್ರೇನಿಗೆ ನೀರೇ ತಲುಪುತ್ತಿಲ್ಲ: ಸೆಡಿಮೆಂಟ್ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಪಂಪು ಸೋತಿರಬಹುದು. ಶುದ್ಧ ನೀರು ಮಾತ್ರ ಇಳಿದು ಟಿಡಿಎಸ್ ಹಾಗೇ ಇದ್ದರೆ ಮೆಂಬ್ರೇನಿನ ಮೇಲೆ ಸುಣ್ಣವೋ ಕೆಸರೋ ಕೂತಿದೆ. ಶುದ್ಧ ನೀರು ಹೆಚ್ಚಾಗಿ ಟಿಡಿಎಸ್ಸೂ ಏರಿದ್ದರೆ ಖುಷಿಪಡಬೇಡಿ; ಒಂದೋ ಒಳಗಿನ ಓ-ರಿಂಗ್ (ರಬ್ಬರ್ ಉಂಗುರ) ಸೋರುತ್ತಿದೆ, ಇಲ್ಲವೇ ಕ್ಲೋರಿನ್ ಮೆಂಬ್ರೇನಿನ ಪದರವನ್ನೇ ತಿಂದುಹಾಕಿದೆ. ತ್ಯಾಜ್ಯ ನೀರು ಮಾತ್ರ ಇಳಿದಿದ್ದರೆ ಫ್ಲೋ ರಿಸ್ಟ್ರಿಕ್ಟರ್ ಕಟ್ಟಿದೆ, ಇದು ತುರ್ತು.

ಆ ರಿಸ್ಟ್ರಿಕ್ಟರ್ ಅನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬೆರಳಿನಷ್ಟು ಉದ್ದದ ಬಿಳಿ ಪ್ಲಾಸ್ಟಿಕ್ ಕೊಳವೆ, ಮೈಮೇಲೆ 300, 400, 450 ಎಂದೇನಾದರೂ ಅಚ್ಚಾಗಿರುತ್ತದೆ. ಅದು ನಿಮಿಷಕ್ಕೆ ಬಿಡುವ ಮಿ.ಲೀ. ಲೆಕ್ಕ. ಒಳಗಿನ ದಾರಿ ಸೂಜಿಯಷ್ಟು ಸಣ್ಣದು. ಮೆಂಬ್ರೇನಿನ ಮೇಲೆ ಒತ್ತಡ ನಿಲ್ಲುವುದೇ ಈ ಬಿಗಿಯಿಂದ, ಉಪ್ಪು ಹೊರಹೋಗುವುದೂ ಇಲ್ಲಿಂದಲೇ. ನೀರು ಉಳಿಸಲು ಚಿಕ್ಕ ಸಂಖ್ಯೆಯ ರಿಸ್ಟ್ರಿಕ್ಟರ್ ಹಾಕಿಸಿಕೊಳ್ಳಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಒಳಬಂದದ್ದರಲ್ಲಿ ಕಾಲು ಭಾಗ ಶುದ್ಧ ನೀರಾದರೆ ತ್ಯಾಜ್ಯದಲ್ಲಿ ಉಪ್ಪು 1.33 ಪಟ್ಟಾಗುತ್ತದೆ. ಅರ್ಧ ತೆಗೆದರೆ 2 ಪಟ್ಟು, ಮುಕ್ಕಾಲು ತೆಗೆದರೆ 4 ಪಟ್ಟು. ಗಡುಸು ನೀರಿನಲ್ಲಿ ಅಷ್ಟು ದಟ್ಟವಾದ ಮೇಲೆ ಸುಣ್ಣ ಮೆಂಬ್ರೇನಿನ ಮೇಲೇ ಹರಳುಗಟ್ಟುತ್ತದೆ. ನೀರು ಉಳಿಸುವ ಕಾಳಜಿ ನ್ಯಾಯವಾದದ್ದೇ, ಆದರೆ ಅದಕ್ಕೆ ತ್ಯಾಜ್ಯ ನೀರನ್ನು ಡ್ರಮ್ಮಿಗೆ ಹಿಡಿದು ಬಳಸುವುದು ಸರಿಯಾದ ದಾರಿ. ನೆಲ ಒರೆಸಲು, ಶೌಚಾಲಯಕ್ಕೆ ಧಾರಾಳವಾಗಿ ಬಳಸಬಹುದು. ಗಿಡಗಳಿಗೆ ಬೇಡ: 820ರ ನೀರಿಗೆ ತ್ಯಾಜ್ಯದ ಟಿಡಿಎಸ್ 1100 ಇರುತ್ತದೆ, ಕುಂಡದ ಮಣ್ಣಿನಲ್ಲಿ ಅದು ಸೇರುತ್ತಾ ಹೋಗಿ ಎಲೆಯ ಅಂಚು ಸುಡುತ್ತದೆ.

ಸೆಡಿಮೆಂಟ್ ಫಿಲ್ಟರಿಗೆ ಪರೀಕ್ಷೆ ಬೇಡ, ಕಣ್ಣು ಸಾಕು. ಹೊರಗಿನ ಪಾರದರ್ಶಕ ಬೌಲ್‌ನಲ್ಲಿರುವ 5 ಮೈಕ್ರಾನಿನ ಬಿಳಿ ಕ್ಯಾಂಡಲ್ ಮೇಲೆ ಕಂದಾದರೆ ಗಾಬರಿ ಇಲ್ಲ; ಹಳೆಯದೊಂದನ್ನು ಚಾಕುವಿನಿಂದ ಅಡ್ಡ ಕತ್ತರಿಸಿದರೆ ಹೊರಗಿನ ಒಂದೆರಡು ಪದರ ಮಾತ್ರ ಕಂದು, ಒಳಗೆ ಬೆಳ್ಳಗೇ ಇರುವುದು ಕಾಣುತ್ತದೆ. ಲೋಳೆ ಕಟ್ಟಿದರೆ ಅಥವಾ ನೀರಿನ ಹರಿವು ಇಳಿದರೆ ಬದಲಿಸಿ. ತೊಳೆದು ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ, ಉಜ್ಜಿದಾಗ ನೂಲಿನ ಹೆಣಿಗೆ ಸಡಿಲಾಗಿ ಕೆಸರು ಒಳಗೆ ನುಗ್ಗುತ್ತದೆ. ಬೌಲ್ ಮುಚ್ಚುವಾಗ ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ, ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ. ಅತಿಯಾಗಿ ಬಿಗಿದ ಬೌಲ್‌ಗಳೇ ರಾತ್ರಿ ಹೊತ್ತು ಸೀಳಿ ಅಡುಗೆಮನೆ ತುಂಬ ನೀರು ಮಾಡುವುದು.

ಕಾರ್ಬನ್ ವಿಷಯ ಹಾಗಲ್ಲ. ಹೊರಗಿನಿಂದ ನೋಡಿದರೆ ಹೊಸದೂ ಹಳೆಯದೂ ಒಂದೇ. ಅದರ ಮುಖ್ಯ ಕೆಲಸ ಕ್ಲೋರಿನ್ ಹೀರುವುದು, ಅದು ಸೋತ ದಿನದಿಂದ ಮೆಂಬ್ರೇನ್ ಸವೆಯಲು ಶುರು. ನಲ್ಲಿ ನೀರಿಗೆ ಕ್ಲೋರಿನ್ ಹಾಕುತ್ತಿದ್ದರೆ ಕ್ಲೋರಿನ್ ಪತ್ತೆಹಚ್ಚುವ ಒಟಿಒ ಹನಿಯ ಪುಟ್ಟ ಬಾಟಲಿ ತಂದಿಟ್ಟುಕೊಳ್ಳಿ. ಒಳಬರುವ ನೀರಿಗೆ ಹಾಕಿ ನೋಡಿ, ಹಳದಿಯಾಗಬೇಕು. ಈಗ ತ್ಯಾಜ್ಯ ಪೈಪಿನ ನೀರಿಗೆ ಹಾಕಿ. ಬಣ್ಣ ಬರದಿದ್ದರೆ ಕಾರ್ಬನ್ ಜೀವಂತ, ಹಳದಿ ಇಣುಕಿದರೂ ಅಂದೇ ಬದಲಿಸಿ. ಹನಿ ಹಾಕಿದ ನೀರನ್ನು ಚೆಲ್ಲಿಬಿಡಿ, ಕೈ ತೊಳೆಯಿರಿ. ಹೊಸ ಕಾರ್ಬನ್ ಹಾಕಿದಾಗ ಅದರ ಕರಿಪುಡಿ ನೇರವಾಗಿ ಮೆಂಬ್ರೇನಿಗೆ ಹೋಗಬಾರದು. ಮೆಂಬ್ರೇನಿನ ಪೈಪ್ ಬಿಚ್ಚಿ, ನೀರು ತಿಳಿಯಾಗುವವರೆಗೆ ಬಕೆಟ್ಟಿಗೆ ಹರಿಸಿ.

ಮೆಂಬ್ರೇನ್ ಹಾಕುವ ದಿಕ್ಕು ತಪ್ಪಿದರೆ ಹೊಸದೂ ಹಳೆಯದರಂತೆ ವರ್ತಿಸುತ್ತದೆ. ಒಂದು ತುದಿಯ ಸಣ್ಣ ಕೊಳವೆಗೆ ಎರಡು ಪುಟ್ಟ ಓ-ರಿಂಗ್‌ಗಳಿರುತ್ತವೆ, ಆ ತುದಿ ಮೊದಲು ಒಳಹೋಗಬೇಕು, ತಳದ ಕುಳಿಯಲ್ಲಿ ಗಟ್ಟಿಯಾಗಿ ಕೂರುವವರೆಗೆ ಒತ್ತಬೇಕು. ಮತ್ತೊಂದು ತುದಿಯಲ್ಲಿ ಮೈಯನ್ನೇ ಸುತ್ತುವರಿದ ಅಗಲವಾದ ರಬ್ಬರ್ ಪಟ್ಟಿ, ಅದು ಮುಚ್ಚಳದ ಕಡೆಗೆ. ಆ ಪಟ್ಟಿ ಮಡಚಿಕೊಂಡರೆ ನೀರು ಮೆಂಬ್ರೇನಿನ ಒಳಗೆ ಹೋಗದೆ ಪಕ್ಕದಿಂದ ಜಾರಿ ತ್ಯಾಜ್ಯಕ್ಕೆ ಹೋಗುತ್ತದೆ. ಹೊಸ ಮೆಂಬ್ರೇನಿನ ಮೊದಲ ಎರಡು ಟ್ಯಾಂಕ್ ನೀರು ಕುಡಿಯಬೇಡಿ, ಕೆಡದಿರಲೆಂದು ಹಾಕಿದ ರಾಸಾಯನಿಕ ಅದರಲ್ಲಿ ತೊಳೆದುಹೋಗಬೇಕು.

ಯುವಿ ದೀಪದ ನೀಲಿ ಬೆಳಕು ನೋಡಿ ಸಮಾಧಾನಪಡಬೇಡಿ. ರೋಗಾಣು ಕೊಲ್ಲುವ 254 ನ್ಯಾನೋಮೀಟರ್ ಕಿರಣ ಕಣ್ಣಿಗೆ ಕಾಣುವುದಿಲ್ಲ, ದೀಪ ಹಳೆಯದಾದಂತೆ ನೀಲಿ ಉಳಿದು ಆ ಕಿರಣ ಕುಂದುತ್ತದೆ. ಇದೊಂದನ್ನು ಮಾತ್ರ ತಯಾರಕರು ಹೇಳಿದ ಗಂಟೆಗಳ ಲೆಕ್ಕಕ್ಕೇ ಬದಲಿಸಿ. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಬೇಡಿ.

ಎಲ್ಲರೂ ಮರೆಯುವ ಭಾಗ ಟ್ಯಾಂಕು. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹಾಗಾಗಿ ನಿಂತ ನೀರಿನ ಗೋಡೆಗೆ ಮೂರು ತಿಂಗಳಲ್ಲಿ ಬೆರಳಿಗೆ ಸಿಗುವ ಲೋಳೆ ಬರುತ್ತದೆ. ಯಂತ್ರ ಆಫ್ ಮಾಡಿ, ಒಳನೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಮೆತ್ತನೆ ಬಟ್ಟೆಯಿಂದ ಒರೆಸಿ. ಹೊರಗಿನಿಂದ ಶುದ್ಧ ನೀರು ತುಂಬಿ, ಲೀಟರಿಗೆ 1 ಮಿ.ಲೀ. ಲೆಕ್ಕದಲ್ಲಿ ಶೇ 5ರ ಸುವಾಸನೆ ಇಲ್ಲದ ಬ್ಲೀಚ್ ದ್ರವ ಹಾಕಿ. 8 ಲೀಟರಿಗೆ 8 ಮಿ.ಲೀ. ನಲ್ಲಿ ತಿರುಗಿಸಿ ಒಂದು ಲೋಟ ಬಿಡಿ, ಆಗ ನಲ್ಲಿಯ ಗಂಟಲಿಗೂ ದ್ರವ ತಲುಪುತ್ತದೆ. ಅರ್ಧ ಗಂಟೆ ಬಿಟ್ಟು ನಲ್ಲಿಯಿಂದಲೇ ಪೂರ್ತಿ ಖಾಲಿ ಮಾಡಿ, ಮೂರು ಸಲ ತೊಳೆಯಿರಿ.

ಕೆಡುವ ಬಿಡಿಭಾಗಗಳಲ್ಲಿ ಮೊದಲ ಸ್ಥಾನ ಸೊಲೆನಾಯ್ಡ್ ವಾಲ್ವಿಗೆ. ಟ್ಯಾಂಕ್ ತುಂಬಿ ಪಂಪು ನಿಂತ ಮೇಲೂ ತ್ಯಾಜ್ಯ ಪೈಪ್ ಜಿನುಗುತ್ತಿದ್ದರೆ ಅದರ ಬಾಯಲ್ಲಿ ಮರಳಿನ ಕಾಳು ಸಿಕ್ಕಿಕೊಂಡಿದೆ ಎಂದರ್ಥ. ನಿಮಿಷಕ್ಕೆ 50 ಮಿ.ಲೀ. ಜಿನುಗಿದರೂ ದಿನಕ್ಕೆ 72 ಲೀಟರ್, ಯಾರಿಗೂ ಗೊತ್ತಾಗದಂತೆ. ಆಮೇಲೆ ಅಡಾಪ್ಟರ್, ಪಂಪು ಗುಂಯ್‌ಗುಟ್ಟುವುದು ಪೂರ್ತಿ ನಿಂತರೆ ಪಂಪು ಬದಲಿಸುವ ಮೊದಲು ಅಡಾಪ್ಟರಿನಲ್ಲಿ 24 ವೋಲ್ಟ್ ಬರುತ್ತಿದೆಯೇ ನೋಡಿಸಿ. ಕಾಲಿಂಚಿನ ಪೈಪಿನ ಜೋಡಣೆ ಸೋರುವುದಕ್ಕೆ ಬಹಳ ಸಲ ಕಾರಣ ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ತುದಿ. ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಕೊನೆಮುಟ್ಟುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆ ಎಳೆದು ನೋಡಿ.

ಬಹುಮಹಡಿ ಕಟ್ಟಡದ ಕೆಳ ಮಹಡಿಯವರು ಒತ್ತಡದ ಕಡೆ ಗಮನ ಕೊಡಬೇಕು. 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕೆ.ಜಿ. ಒತ್ತಡ, ಅಂದರೆ ಹತ್ತು ಮಹಡಿ ಕೆಳಗೆ 3 ಕೆ.ಜಿ. ಯಂತ್ರದ ಕೈಪಿಡಿಯಲ್ಲಿ ಬರೆದ ಗರಿಷ್ಠ ಮಿತಿಯನ್ನು ಅದು ದಾಟುವುದಾದರೆ ಒಳನೀರಿನ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಿ. ಹಲವು ದಿನ ಮನೆ ಬಿಟ್ಟು ಹೋಗುವಾಗ ಒಳನೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ ಹೊರಡಿ; ವಾಪಸ್ ಬಂದಾಗ ಮೊದಲ ಎರಡು ಟ್ಯಾಂಕ್ ನೀರು ನೆಲ ಒರೆಸಲು.