ಗೋಕರ್ಣಕ್ಕೆ ಆರೇ ಕಿಲೋಮೀಟರ್ ಅಂದರು, ನಡುವೆ ಹೊಳೆ ಇದೆ ಅನ್ನಲಿಲ್ಲ

ಡಿಸೆಂಬರ್ ರಜೆಗೆ ಮಲೆನಾಡು, ಕರಾವಳಿ ಅಂತ ಬೆಂಗಳೂರಿಂದ ಹೊರಡುವವರು ಈಗಲೇ ರೂಮು ಹುಡುಕೋಕೆ ಶುರು ಮಾಡಿರುತ್ತೀರಿ. ಅಡ್ವಾನ್ಸ್ ಹಾಕೋ ಮುಂಚೆ ದಯವಿಟ್ಟು ಇದನ್ನೊಮ್ಮೆ ಓದಿ. ಜೊತೆಗೆ ವಯಸ್ಸಾದವರು ಬರ್ತಿದ್ದರಂತೂ ಖಂಡಿತ ಓದಿ.

ಕಳೆದ ವರ್ಷ ಕ್ರಿಸ್‌ಮಸ್ ರಜೆಯಲ್ಲಿ ವಿಜಯನಗರದಿಂದ ನಾವು ಐದು ಜನ ಹೊರಟೆವು. ನಾನು, ಯಜಮಾನರು, ಇಬ್ಬರು ಮಕ್ಕಳು, ಅತ್ತೆ. ಅತ್ತೆಗೆ ಎಪ್ಪತ್ತೆರಡು ವರ್ಷ, ಬಲ ಮಂಡಿಗೆ ಆಪರೇಷನ್ ಆಗಿದೆ. ಇಡೀ ಪ್ರವಾಸದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ: ಗೋಕರ್ಣದಲ್ಲಿ ಬೆಳಗ್ಗೆ ಮಹಾಬಲೇಶ್ವರನ ದರ್ಶನ ಆಗಬೇಕು. ಹಾಗಾಗಿ ಎರಡು ರಾತ್ರಿ ಸಕಲೇಶಪುರದ ಕಡೆ, ಎರಡು ರಾತ್ರಿ ಗೋಕರ್ಣದಲ್ಲಿ ಅಂತ ಲೆಕ್ಕ ಹಾಕಿದ್ದೆವು.

ಸಕಲೇಶಪುರದ ಹೋಮ್‌ಸ್ಟೇ ಬಗ್ಗೆ ಮೊದಲು ಹೇಳಿಬಿಡ್ತೀನಿ, ಯಾಕಂದರೆ ವ್ಯತ್ಯಾಸ ಗೊತ್ತಾಗೋದು ಅಲ್ಲೇ. ಬುಕ್ ಮಾಡೋಕೆ ಫೋನ್ ಮಾಡಿದಾಗ ಆ ಮನೆಯವರು ರೇಟು ಹೇಳೋ ಮೊದಲೇ ಕೇಳಿದ್ದು, "ವಯಸ್ಸಾದೋರು ಇದಾರಾ ಮೇಡಂ?" ಅಂತ. ಕೊನೆಯ ಎರಡು ಕಿಲೋಮೀಟರ್ ಮಣ್ಣು ರೋಡು, ನಿಮ್ಮ ಕಾರಿಗೆ ತಳ ತಾಗುತ್ತೆ, ಜೀಪು ಕಳಿಸ್ತೀವಿ ಅಂದರು. ಕರೆಂಟು ಹೋಗ್ತಾ ಬರ್ತಾ ಇರುತ್ತೆ, ನೆಟ್‌ವರ್ಕ್ ವರಾಂಡದ ಒಂದು ಮೂಲೆಯಲ್ಲಿ ಮಾತ್ರ ಅಂದರು. ಹೋಗಿ ನೋಡಿದರೆ ಎಲ್ಲವೂ ಹೇಳಿದ ಹಾಗೇ ಇತ್ತು. ಎರಡು ದಿನ ಅತ್ತೆ ಒಲೆ ಮುಂದೆ ಕೂತು ಆ ಮನೆಯ ಅಜ್ಜಿ ಜೊತೆ ಮಾತಾಡಿದ್ದೇ ಮಾತಾಡಿದ್ದು.

ಕರಾವಳಿಯ ರೂಮನ್ನ ನಾನು ಇನ್‌ಸ್ಟಾದಲ್ಲಿ ನೋಡಿ ಹಿಡಿದಿದ್ದೆ. "ಗೋಕರ್ಣದಿಂದ 6 ಕಿ.ಮೀ., ಪ್ರೈವೇಟ್ ಬೀಚ್, ಸೀ ವ್ಯೂ" ಅಂತ ಹಾಕಿದ್ದರು. ಎರಡು ರಾತ್ರಿಗೆ 14,000 ರೂಪಾಯಿ, ಅರ್ಧ ಅಡ್ವಾನ್ಸ್. ಲೊಕೇಶನ್ ಕಳಿಸಿ ಅಂದಾಗ, "ಗೋಕರ್ಣ ಬಸ್‌ಸ್ಟ್ಯಾಂಡಿಗೆ ಬಂದು ಕಾಲ್ ಮಾಡಿ ಮೇಡಂ, ಹುಡುಗನ್ನ ಕಳಿಸ್ತೀವಿ" ಅಂದರು. ನಾನು ಒತ್ತಾಯ ಮಾಡಲಿಲ್ಲ. ಯುಪಿಐನಲ್ಲಿ ಬಂದ ಹೆಸರು ನನ್ನ ಜೊತೆ ಮಾತಾಡಿದವರದ್ದಲ್ಲ, ಬೇರೆ ಯಾರದೋ. ಅದನ್ನೂ ಕೇಳಲಿಲ್ಲ. 7,000 ಹಾಕಿಬಿಟ್ಟೆ.

ಬೆಳಗ್ಗೆ ಏಳಕ್ಕೆ ಸಕಲೇಶಪುರ ಬಿಟ್ಟು, ಶಿರಾಡಿ ಘಾಟಿ ಇಳಿದು, 66ನೇ ಹೆದ್ದಾರಿಯಲ್ಲಿ ಉಡುಪಿ, ಭಟ್ಕಳ, ಹೊನ್ನಾವರ, ಕುಮಟಾ ದಾಟಿ ಗೋಕರ್ಣ ಸೇರಿದಾಗ ಸಂಜೆ ಏಳು. ಮಕ್ಕಳಿಗೆ ಹಸಿವು, ಅತ್ತೆಗೆ ಕಾಲು ಊದಿತ್ತು. ಕಾಲ್ ಮಾಡಿದರೆ ಆ ಕಡೆಯಿಂದ, "ಮೇಡಂ, ನೀವು ಗೋಕರ್ಣಕ್ಕೆ ಹೋಗಿಬಿಟ್ರಾ? ನಮ್ಮದು ಅಘನಾಶಿನಿ ಸೈಡು. ವಾಪಸ್ ಕುಮಟಾಕ್ಕೆ ಬಂದು ಆ ಮೇಲೆ ಬನ್ನಿ!"

ಆ ಕಡೆ ಹೋಗದವರಿಗೆ ಹೇಳ್ತೀನಿ. ಅಘನಾಶಿನಿ ಹೊಳೆ ಕಡಲು ಸೇರೋ ಜಾಗದಲ್ಲಿ ಉತ್ತರ ದಡಕ್ಕೆ ತದಡಿ ಬಂದರು, ಗೋಕರ್ಣ ಇರೋದು ಆ ಕಡೆ. ದಕ್ಷಿಣ ದಡಕ್ಕೆ ಅಘನಾಶಿನಿ ಅನ್ನೋ ಊರು. ಮ್ಯಾಪಿನ ಮೇಲೆ ಗೆರೆ ಎಳೆದರೆ ಆರು ಕಿಲೋಮೀಟರ್ ನಿಜ. ಆದರೆ ಅಲ್ಲಿ ಸೇತುವೆ ಇಲ್ಲ, ದೋಣಿಯಲ್ಲಿ ದಾಟಬೇಕು. ಹೆದ್ದಾರಿಯ ಸೇತುವೆ ಇರೋದು ಒಳಗೆ ಮಿರ್ಜಾನ್ ಹತ್ತಿರ. ಕಾರಿನಲ್ಲಿ ಸುತ್ತಿ ಹೋದರೆ ಹೆಚ್ಚುಕಡಿಮೆ 40 ಕಿಲೋಮೀಟರ್. ಒಂದು ಗಂಟೆ ಹಿಂದೆ ನಾವೇ ದಾಟಿಕೊಂಡು ಬಂದ ಕುಮಟಾಕ್ಕೆ ಮತ್ತೆ ಗಾಡಿ ತಿರುಗಿಸಿದೆವು.

ಅಘನಾಶಿನಿಯಲ್ಲಿ ದಾರಿ ಕೇಳೋಕೆ ಒಂದು ಚಿಕ್ಕ ಅಂಗಡಿ ಹತ್ತಿರ ನಿಲ್ಲಿಸಿದ್ದೆವು. ಅಂಗಡಿಯ ಅಮ್ಮ ಬಾಗಿಲು ಹಾಕ್ತಿದ್ದವರು ನಮ್ಮ ಕಥೆ ಕೇಳಿ, "ಅಯ್ಯೋ ತಂಗೀ, ಗೋಕರ್ಣ ಆಚೆ ದಡ ಅಲ್ವಾ! ಅಲ್ಲಿ ದೀಪ ಕಾಣ್ತದಲ್ಲ, ಅದೇ ತದಡಿ" ಅಂತ ಕೈ ತೋರಿಸಿದರು. ಕಪ್ಪು ನೀರಿನ ಆಚೆ ಬೋಟುಗಳ ದೀಪ ಸಾಲಾಗಿ ಹೊಳೀತಿತ್ತು. ಅತ್ತೆ ಕಾರಿನ ಕಿಟಕಿಯಿಂದ ಅದನ್ನೇ ನೋಡ್ತಾ, "ಇಷ್ಟು ಹತ್ತಿರ ಇದೆಯಲ್ಲಮ್ಮ" ಅಂದರು. ನನಗೆ ಅಲ್ಲೇ ಅಳು ಬಂತು.

ಮನೆ ಇದ್ದದ್ದು ಗುಡ್ಡದ ಇಳಿಜಾರಿನಲ್ಲಿ. ಕಾರು ಮೇಲೇ ನಿಲ್ಲಿಸಬೇಕು. ಅಲ್ಲಿಂದ ಚಿರೇಕಲ್ಲಿನ ಮೆಟ್ಟಿಲು, ಕೈಹಿಡಿ ಇಲ್ಲ, ಲೈಟಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಮಗಳು ಒಂದೊಂದೇ ಎಣಿಸಿದಳು, ಐವತ್ತೆಂಟು. ಯಜಮಾನರು ಅತ್ತೆಯ ಎರಡೂ ಕೈ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡ್ತಾ ಇಳಿಸಿದರು, ಇಪ್ಪತ್ತು ನಿಮಿಷ ಹಿಡೀತು. ರೂಮು ಫೋಟೋದ ರೂಮಾಗಿರಲಿಲ್ಲ. ಆ ಫೋಟೋಗಳನ್ನ ಆಮೇಲೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದೆ, ಗೋವಾದ ಯಾವುದೋ ರೆಸಾರ್ಟಿನವು. ಬುಕ್ ಮಾಡೋ ಮೊದಲು ಈ ಕೆಲಸ ಮಾಡಿದ್ದರೆ ಎರಡು ನಿಮಿಷ ಸಾಕಿತ್ತು.

ಬೆಳಗ್ಗೆ ನೋಡಿದರೆ "ಪ್ರೈವೇಟ್ ಬೀಚ್" ಅಂದರೆ ಬಂಡೆ. ಇಳಿತದಲ್ಲಿ ಒಂದು ಪಟ್ಟಿಯಷ್ಟು ಮರಳು ಕಾಣುತ್ತೆ, ಭರತ ಬಂದರೆ ಅದೂ ಇಲ್ಲ. ಮಕ್ಕಳಿರೋ ಅಪ್ಪ ಅಮ್ಮಂದಿರೇ, ಈ ಪದಕ್ಕೆ ದಯವಿಟ್ಟು ಮರುಳಾಗಬೇಡಿ. ಖಾಸಗಿ ಅಂತ ಕರೆಯೋ ತೀರದಲ್ಲಿ ಸಾಮಾನ್ಯವಾಗಿ ಜೀವರಕ್ಷಕರು ಇರೋದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ, ಅಷ್ಟು ಜನ ಓಡಾಡೋ ತೀರದಲ್ಲೇ, ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಸಮುದ್ರಪಾಲಾದರು.

ಊರಿನದ್ದು ಏನೂ ತಪ್ಪಿಲ್ಲ, ಅದನ್ನ ಹೇಳಲೇಬೇಕು. ಅಘನಾಶಿನಿ ಅಣೆಕಟ್ಟು ಇಲ್ಲದೆ ಹರಿಯೋ ಹೊಳೆ, ಅದು ಕಡಲು ಸೇರೋ ಅಳಿವೆ 2024ರಲ್ಲಿ ರಾಮ್ಸಾರ್ ಅನ್ನೋ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಅಲ್ಲಿ ಉಳಿಯಬೇಕು ಅಂತಲೇ ಹೋಗೋರಿಗೆ ಅದು ಸ್ವರ್ಗ. ನಮಗೆ ಬೇಕಿದ್ದದ್ದು ದೇವಸ್ಥಾನದ ಪಕ್ಕ, ಮೆಟ್ಟಿಲಿಲ್ಲದ ಒಂದು ರೂಮು.

ಮಾರನೇ ದಿನ ಖಾಲಿ ಮಾಡಿ, ಆ ಅಂಗಡಿಯ ಅಮ್ಮನೇ ಯಾರಿಗೋ ಫೋನ್ ಮಾಡಿ ಕುಮಟಾದಲ್ಲಿ ಹಿಡಿಸಿಕೊಟ್ಟ ಲಾಡ್ಜಿಗೆ ಹೋದೆವು. ಬಾಕಿ ದುಡ್ಡನ್ನೂ ಹೋದ ರಾತ್ರಿಯೇ ಕೊಟ್ಟುಬಿಟ್ಟಿದ್ದೆವು. ಉಳಿಯದ ರಾತ್ರಿಯದ್ದು ವಾಪಸ್ ಕೇಳಿದ್ದಕ್ಕೆ ರೂಮಿನವರು "ನೀವೇ ಬಿಟ್ಟು ಹೋಗಿದ್ದು" ಅಂದರು. ಸಂಜೆ ನೋಡಿದರೆ ಚಾಟಿನಲ್ಲಿ ಅವರು ಕಳಿಸಿದ್ದ "6 ಕಿ.ಮೀ." ಮೆಸೇಜು ಡಿಲೀಟ್ ಆಗಿತ್ತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಕೆ ಹೋದರೆ ತೋರಿಸೋಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಮಾತುಕತೆ ಆದ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಿ. ಇನ್ನು, ದುಡ್ಡು ಹಾಕಿದ ಮೇಲೆ ರೂಮೇ ಇಲ್ಲ, ಫೋನೂ ಸ್ವಿಚ್ ಆಫ್ ಅಂತಾದರೆ ಅದು ಸೈಬರ್ ವಂಚನೆ. ಒಂದು ನಿಮಿಷವೂ ತಡಮಾಡದೆ 1930ಕ್ಕೆ ಕಾಲ್ ಮಾಡಿ.

ಈಗ ನಾನು ಲೊಕೇಶನ್ ಪಿನ್ ಬರದೆ ಒಂದು ರೂಪಾಯಿ ಹಾಕೋದಿಲ್ಲ. ಪಿನ್ ಬಂದ ಮೇಲೆ ಅಲ್ಲಿಂದ ನಾವು ಹೋಗಬೇಕಾದ ಜಾಗಕ್ಕೆ ಕಾರಿನ ದಾರಿ ಹಾಕಿ ನೋಡ್ತೀನಿ. ವಿಡಿಯೋ ಕಾಲ್ ಮಾಡಿಸಿ, ಕಾರು ನಿಲ್ಲೋ ಜಾಗದಿಂದ ಹಾಸಿಗೆಯವರೆಗೆ ನಡೆದು ತೋರಿಸಿ ಅಂತೀನಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಅಂತ ಕೇಳ್ತೀನಿ. ಕೊನೆಗೆ, "ನಿಮ್ಮಲ್ಲಿ ಏನು ತೊಂದರೆ ಇದೆ ಹೇಳಿ" ಅಂತ ನೇರವಾಗಿ ಕೇಳ್ತೀನಿ. ಸಕಲೇಶಪುರದವರು ಕೇಳದೇ ಹೇಳಿದ್ದರು. ಈ ಪ್ರಶ್ನೆಗೆ "ಏನೂ ಇಲ್ಲ ಮೇಡಂ, ಎಲ್ಲಾ ಸೂಪರ್" ಅಂದರೆ ಅಲ್ಲಿಗೇ ಬಿಟ್ಟುಬಿಡ್ತೀನಿ.

ಅತ್ತೆಗೆ ದರ್ಶನ ಆಗಲಿಲ್ಲ. ಆ ಮೆಟ್ಟಿಲು ಇಳಿದು ಹತ್ತಿದ್ದಕ್ಕೆ ಮಂಡಿ ಊದಿಕೊಂಡು, ಲಾಡ್ಜಿನಲ್ಲೇ ಮಲಗಿ ಬೆಂಗಳೂರಿಗೆ ವಾಪಸಾದರು. ಆ ಪುಟದವರು ಮೊನ್ನೆ ಹೊಸ ವರ್ಷದ ಬುಕ್ಕಿಂಗ್ ಶುರು ಅಂತ ಹಾಕಿದ್ದಾರೆ. ಅದೇ ಫೋಟೋ, ಅದೇ 6 ಕಿಲೋಮೀಟರ್.