ದಪ್ಪ ನಳಿಗೆಯೋ, ತೆಳು ನಳಿಗೆಯೋ?

ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆ ತೋಟಕ್ಕೆ ನುಗ್ಗುವ ಹಂದಿಗೆಂದು, ಲೈಸೆನ್ಸೂ ಪಂಚಾಯತಿನ ಅನುಮತಿಯೂ ಇರುವವರು ರೈಫಲ್ ಆರಿಸುವಾಗ ನನ್ನನ್ನು ಕೇಳುವುದು ಇದನ್ನೇ. ನಳಿಗೆ ಅಂದರೆ ಗುಂಡು ಸಾಗಿ ಹೊರಬರುವ ಉಕ್ಕಿನ ಕೊಳವೆ.

ತೆಳು ನಳಿಗೆ ಹಗುರ, ಗುಡ್ಡ ಹತ್ತಲು ಹಿತ. ಆದರೆ ಬೆನ್ನುಬೆನ್ನಿಗೆ ನಾಲ್ಕೈದು ಗುಂಡು ಹಾರಿಸಿದರೆ ಬೇಗ ಕಾಯುತ್ತದೆ. ತಯಾರಿಕೆಯಲ್ಲೇ ಉಕ್ಕಿನೊಳಗೆ ಒತ್ತಡ ಉಳಿದಿದ್ದರೆ, ಅಥವಾ ರೈಫಲಿನ ಮರದ ಭಾಗ ನಳಿಗೆಯ ಒಂದು ಬದಿಗೆ ತಾಗುತ್ತಿದ್ದರೆ, ಬಿಸಿಗೆ ಕೂದಲೆಳೆಯಷ್ಟು ಬಾಗಿ ಗುಂಡು ಬೀಳುವ ಜಾಗವೇ ಸರಿಯುತ್ತದೆ.

ದಪ್ಪದ್ದು ನಿಧಾನ ಕಾಯುತ್ತದೆ, ತಣಿಯುವುದೂ ನಿಧಾನ. ಹೊರವ್ಯಾಸ ಶೇ. 20 ಹೆಚ್ಚಾದರೆ ಬಾಗದೆ ನಿಲ್ಲುವ ಬಲ ಸುಮಾರು ಎರಡು ಪಟ್ಟಾಗುತ್ತದೆ, ಕಂಪನ ಇಳಿಯುತ್ತದೆ. ಭಾರ ಮಾತ್ರ ಹೆಗಲಿಗೇ ಗೊತ್ತು.

ಗುರಿ ಸ್ಪರ್ಧೆಗೆ ದಪ್ಪದ್ದೇ ಸರಿ. ಹಂದಿಗೆ ಬೇಕಾಗುವುದು ಒಂದೆರಡು ಗುಂಡು, ತೆಳುವಿನದು ಧಾರಾಳ ಸಾಕು. ತಣ್ಣಗಿರುವ ನಳಿಗೆಯ ಮೊದಲ ಗುಂಡು ಎಲ್ಲಿ ಬೀಳುತ್ತದೆಂದು ಮೊದಲೇ ಗುರಿ ಅಭ್ಯಾಸದ ರೇಂಜಿನಲ್ಲಿ ನೋಡಿಕೊಳ್ಳಿ.